ಮೂರು ತಾಲ್ಲೂಕು, ಒಂದು ಗಾಳಿ

ಕಲಬುರಗಿ ನಗರದಿಂದ ವಾಯವ್ಯಕ್ಕೆ ಹೊರಟರೆ ಆಳಂದ, ಪಶ್ಚಿಮದ ಕಡೆ ಹೋದರೆ ಅಫಜಲಪುರ, ದಕ್ಷಿಣಕ್ಕೆ ಇಳಿದರೆ ಜೇವರ್ಗಿ. ಮೂರೂ ಕಡೆ ಕಣ್ಣು ಹಾಯಿಸಿದಷ್ಟು ದೂರ ಕರಿ ಎರೆಭೂಮಿ. ಅಡ್ಡ ನಿಲ್ಲುವ ಗುಡ್ಡ ಕಡಿಮೆ, ದಟ್ಟ ಕಾಡು ಇಲ್ಲವೆಂದೇ ಹೇಳಬಹುದು. ಹೀಗಾಗಿ ಇಲ್ಲಿ ಗಾಳಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಮುಂಗಾರಿನಲ್ಲಿ ಪಡುವಣದಿಂದ ಬರುತ್ತದೆ, ಚಳಿಗಾಲದಲ್ಲಿ ಹೆಚ್ಚಾಗಿ ಮೂಡಣದಿಂದ ಬರುತ್ತದೆ. ಹೊಲ, ಕಣ, ಒಲೆ, ಹೊಳೆಯ ದಂಡೆ ಎಲ್ಲ ಕಡೆಯೂ ಅದು ಮನೆಯ ಹಿರಿಯನಂತೆ ತಿರುಗಾಡುತ್ತಿರುತ್ತದೆ.

ಎಳ್ಳ ಅಮಾವಾಸ್ಯೆಯ ಚರಗ ಮುಗಿದು ತೊಗರಿಯ ರಾಶಿ ಜೋರಾಗಿ ನಡೆಯುವ ಹೊತ್ತಿಗೆ ಈ ಮೂರೂ ತಾಲ್ಲೂಕು ಸುತ್ತಿ ಬರಬೇಕು. ಆರನೆಯ ತರಗತಿಯ ಮೊಮ್ಮಗಳನ್ನು ಕರೆದುಕೊಂಡು ನಾನು ಹೊರಟದ್ದು ಅಂಥ ದಿನಗಳಲ್ಲೇ. ದರ್ಗಾ, ಗುಡಿ, ಹೊಳೆ ನೋಡುವುದು ಇದ್ದೇ ಇತ್ತು. ಆದರೆ ದಾರಿಯುದ್ದಕ್ಕೂ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಮುತ್ಯಾ, ಗಾಳಿಗೆ ಎದುರಾಗಿ ಗಾಳಿ ಊದಿದರೆ ಏನಾಗ್ತದ?" ಮಕ್ಕಳೇ, ಉತ್ತರ ಒಂದೇ ಊರಿನಲ್ಲಿ ಸಿಗಲಿಲ್ಲ. ಮೂರು ತಾಲ್ಲೂಕು ಸೇರಿ ಕೊಟ್ಟವು.

ಆಳಂದದ ಕಣದಲ್ಲಿ

ಕಲಬುರಗಿಯಿಂದ ಆಳಂದಕ್ಕೆ ಸುಮಾರು 40 ಕಿಲೋಮೀಟರು. ದಾರಿಯಲ್ಲಿ ಕಡಗಂಚಿ ಸಿಗುತ್ತದೆ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಇಲ್ಲಿಯೇ. ಆಳಂದ ಪಟ್ಟಣದಲ್ಲಿ ಲಾಡ್ಲೆ ಮಶಾಕ್ ದರ್ಗಾ ಇದೆ. ಎಲ್ಲ ಜಾತಿಯವರೂ ಹರಕೆ ಹೊತ್ತು ಬರುತ್ತಾರೆ. ಇನ್ನೂ ಮುಂದೆ ಹೋದರೆ ಮಹಾರಾಷ್ಟ್ರದ ಗಡಿ. ಸಂತೆಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಉಸಿರಿನಲ್ಲಿ ಕೇಳುತ್ತವೆ.

ರಸ್ತೆಯ ಪಕ್ಕದ ಒಂದು ಹೊಲದಲ್ಲಿ ತೊಗರಿ ರಾಶಿ ನಡೆದಿತ್ತು. ಟ್ರ್ಯಾಕ್ಟರಿಗೆ ಜೋಡಿಸಿದ ರಾಶಿ ಮಷೀನು. ಮೇಲಿನಿಂದ ಒಣಗಿದ ತೊಗರಿ ಕಟ್ಟನ್ನು ಹಾಕಿದರೆ, ಕೆಳಗೆ ಜರಡಿಯಿಂದ ಕಾಳು ಬೀಳುತ್ತದೆ, ಪಕ್ಕದ ದೊಡ್ಡ ಬಾಯಿಂದ ಹೊಟ್ಟು ರಭಸವಾಗಿ ಹಾರುತ್ತದೆ. ಮಷೀನು ಚಾಲೂ ಮಾಡುವ ಮೊದಲು ಹೊಲದ ಹಿರಿಯರೊಬ್ಬರು ಕೆಳಗಿನಿಂದ ಒಂದು ಹಿಡಿ ಹೊಟ್ಟು ತೆಗೆದುಕೊಂಡು ತಲೆಯ ಎತ್ತರದಿಂದ ನಿಧಾನಕ್ಕೆ ಬಿಟ್ಟರು. ಅದು ಪಶ್ಚಿಮಕ್ಕೆ ಹಾರಿತು. ಕೂಡಲೇ ಡ್ರೈವರನಿಗೆ ಟ್ರ್ಯಾಕ್ಟರ್ ತಿರುಗಿಸಲು ಹೇಳಿದರು.

"ಗಾಳಿ ಯಾವ ಕಡೀಂದ ಬರ್ಲಾಕತ್ತದ ನೋಡ್ಬೇಕ್ರಿ ಮೊದಲ, ಮಷೀನ್ ಆಮ್ಯಾಲ. ಎದುರಿಗೆ ಬಾಯಿ ಮಾಡಿ ನಿಂದ್ರಿಸಿದ್ರ ಹೊಟ್ಟು ಹೊಳ್ಳಿ ನಮ್ಮ ಮಾರಿಗೇ ಬರ್ತದ" ಎಂದರು.

ಅದನ್ನು ಕಣ್ಣಾರೆ ನೋಡುವ ಅವಕಾಶ ಸ್ವಲ್ಪ ಮುಂದೆಯೇ ಸಿಕ್ಕಿತು. ಮತ್ತೊಂದು ಕಣದಲ್ಲಿ ಮಷೀನಿನ ಬಾಯಿ ಗಾಳಿಗೆ ಎದುರಾಗಿತ್ತು. ಹೊಟ್ಟು ಮೊದಲು ನೆಲಕ್ಕೆ ಅಂಟಿಕೊಂಡು ಹಾವಿನ ಹಾಗೆ ಮುಂದೆ ಓಡಿತು. ಕೆಲವು ಮಾರು ಹೋದ ಮೇಲೆ ಯಾರೋ ತಡೆದಂತೆ ನಿಂತಿತು. ನಿಂತದ್ದು ಗೋಡೆಯ ಹಾಗೆ ಮೇಲೆದ್ದಿತು, ತುದಿಯಲ್ಲಿ ಸುರುಳಿ ಸುತ್ತಿ ಹಿಂದಕ್ಕೆ ಹೊರಳಿ ಕೆಲಸದವರ ತಲೆಯ ಮೇಲೆ ಬಿದ್ದಿತು. ಕಾಲಿನ ಬುಡದಲ್ಲಿ ಮುಂದಕ್ಕೆ, ತಲೆಯ ಮೇಲೆ ಹಿಂದಕ್ಕೆ. ಒಂದೇ ಹೊಟ್ಟು, ಎರಡು ದಾರಿ. ಹೆಣ್ಣುಮಕ್ಕಳು ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡು ಕೆಮ್ಮುತ್ತಲೇ ಕೆಲಸ ಮಾಡುತ್ತಿದ್ದರು.

ಹಿಂದೆ ಹೀಗಿರಲಿಲ್ಲ. ಕಣದ ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಸುತ್ತಿಸಿ ಹಂತಿ ಹೊಡೆಯುತ್ತಿದ್ದರು. ರಾತ್ರಿಯೆಲ್ಲ ಹಂತಿ ಪದ ಹಾಡುತ್ತಿದ್ದರು. ಆಮೇಲೆ ಎತ್ತರದ ಮಣೆಯ ಮೇಲೆ ನಿಂತು ಮರದಿಂದ ತೂರುತ್ತಿದ್ದರು. ಭಾರದ ಕಾಳು ನೆಟ್ಟಗೆ ಕೆಳಗೆ, ಹಗುರ ಹೊಟ್ಟು ದೂರಕ್ಕೆ. ಗಾಳಿ ಇಲ್ಲದಿದ್ದರೆ ಕೈಕಟ್ಟಿ ಕೂರಬೇಕಿತ್ತು. ಗಾಳಿ ಬಂದಾಗ ತೂರಿಕೋ ಎಂಬ ಗಾದೆ ಹುಟ್ಟಿದ್ದು ಇಂಥ ಕಣದಲ್ಲಿಯೇ. ಮಷೀನು ತನ್ನ ಗಾಳಿಯನ್ನು ತಾನೇ ತಂದಿತು. ಗಾಳಿಗಾಗಿ ಕಾಯುವ ಕೆಲಸ ತಪ್ಪಿತು. ಆದರೆ ಗಾಳಿಯನ್ನು ಕೇಳುವ ಕೆಲಸ ತಪ್ಪಲಿಲ್ಲ.

ಗಾಳಿಧಾರೆಯ ಜಮಾ-ಖರ್ಚು

ಕೊಳವೆಯ ಬಾಯಿಂದ ರಭಸವಾಗಿ ಹೊರಬರುವ ಗಾಳಿಗೆ ವಿಜ್ಞಾನಿಗಳು ಜೆಟ್ ಎನ್ನುತ್ತಾರೆ. ನಾವು ಗಾಳಿಧಾರೆ ಎನ್ನೋಣ. ಇದರ ಬಾಳನ್ನು ಅಂಗಡಿಯ ಖಾತೆಯ ಹಾಗೆ ಬರೆದುಕೊಂಡರೆ ಸುಲಭವಾಗಿ ತಿಳಿಯುತ್ತದೆ.

ಬಾಯಿಂದ ಹೊರಬಿದ್ದಾಗ ಧಾರೆಯ ಕೈಯಲ್ಲಿ ಓಟದ ಬಂಡವಾಳ ಇರುತ್ತದೆ. ಹೊರಗೆ ಸುತ್ತಲೂ ಸುಮ್ಮನೆ ನಿಂತ ಗಾಳಿ ಇದೆ. ಜಾತ್ರೆಯ ಗುಂಪಿನಲ್ಲಿ ಒಬ್ಬ ಓಡತೊಡಗಿದರೆ ಅಕ್ಕಪಕ್ಕದವರನ್ನೂ ಎಳೆದುಕೊಂಡೇ ಹೋಗುತ್ತಾನಲ್ಲ, ಹಾಗೆ ಧಾರೆಯೂ ಪಕ್ಕದ ಗಾಳಿಯನ್ನು ತನ್ನೊಂದಿಗೆ ಎಳೆದುಕೊಳ್ಳುತ್ತದೆ. ಬಂಡವಾಳ ಅಷ್ಟೇ, ಪಾಲುದಾರರು ಮಾತ್ರ ಹೆಚ್ಚುತ್ತಾ ಹೋಗುತ್ತಾರೆ. ಹೀಗಾಗಿ ಒಬ್ಬೊಬ್ಬರ ಪಾಲಿಗೆ ಬರುವ ವೇಗ ಇಳಿಯುತ್ತದೆ. ಧಾರೆ ದೂರ ಹೋದಂತೆಲ್ಲ ಅಗಲವಾಗಿ, ನಿಧಾನವಾಗುವುದು ಇದಕ್ಕೇ.

ಧಾರೆ ನೆಲದ ಪಕ್ಕದಲ್ಲಿ ಹರಿದರೆ ಎರಡು ಬದಲಾವಣೆ ಆಗುತ್ತವೆ. ಮೊದಲನೆಯದು, ಕೆಳಗಿನಿಂದ ಪಾಲುದಾರರು ಬರಲು ಸಾಧ್ಯವಿಲ್ಲ. ಅಲ್ಲಿ ನೆಲ ಇದೆ. ನೆಲ ತಾನೂ ಉಜ್ಜಿ ಒಂದಷ್ಟು ಸುಂಕ ವಸೂಲಿ ಮಾಡುತ್ತದೆ, ನಿಜ. ಆದರೂ ಬಯಲಲ್ಲಿ ಹೋಗುವುದಕ್ಕಿಂತ ನೆಲ ಹಿಡಿದು ಧಾರೆ ಹೆಚ್ಚು ದೂರ ಹೋಗುತ್ತದೆ. ಎರಡನೆಯದು, ನೆಲಕ್ಕೂ ಧಾರೆಗೂ ನಡುವೆ ಇದ್ದ ಗಾಳಿಯನ್ನು ಧಾರೆ ಎಳೆದುಕೊಂಡುಬಿಡುವುದರಿಂದ ಅಲ್ಲಿ ಒತ್ತಡ ಕಡಿಮೆಯಾಗುತ್ತದೆ. ಮೇಲಿನ ಗಾಳಿ ಧಾರೆಯನ್ನು ಕೆಳಕ್ಕೆ ಒತ್ತುತ್ತದೆ. ಹೊಟ್ಟು ನೆಲಕ್ಕೆ ಅಂಟಿಕೊಂಡು ಓಡಿದ್ದು ಇದೇ ಕಾರಣಕ್ಕೆ.

ಮೇಲ್ಮೈಗೆ ಅಂಟುವ ಈ ಗುಣಕ್ಕೆ ಕೋಆಂಡಾ ಪರಿಣಾಮ ಎಂದು ಹೆಸರು. ರೊಮೇನಿಯಾ ದೇಶದ ಇಂಜಿನಿಯರ್ ಹೆನ್ರಿ ಕೋಆಂಡಾ (1886–1972) ಇದನ್ನು ಯಂತ್ರಗಳಲ್ಲಿ ಬಳಸಲು ದುಡಿದವರು. ಅವರಿಗಿಂತ ಬಹಳ ಮೊದಲೇ, 1800ರಲ್ಲಿ, ಇಂಗ್ಲೆಂಡಿನ ಥಾಮಸ್ ಯಂಗ್ ಎಂಬ ವಿಜ್ಞಾನಿ ಊದುಗೊಳವೆಯ ಗಾಳಿಯ ಪಕ್ಕದಲ್ಲಿ ಮೇಣದ ಬತ್ತಿ ಇಟ್ಟರೆ ಅದರ ಜ್ವಾಲೆ ಗಾಳಿಧಾರೆಯ ಕಡೆಗೇ ವಾಲುವುದನ್ನು ಗಮನಿಸಿ ಬರೆದಿದ್ದರು. ಧಾರೆ ಪಕ್ಕದ ಗಾಳಿಯನ್ನು ಎಳೆಯುತ್ತದೆ ಎಂಬುದಕ್ಕೆ ಅದೇ ಸಾಕ್ಷಿ.

ಈಗ ಎದುರು ಗಾಳಿಯನ್ನು ಖಾತೆಗೆ ಸೇರಿಸೋಣ. ಧಾರೆ ಮುಂದೆ ಹೋಗುತ್ತಾ ನಿಧಾನವಾಗುತ್ತದೆ, ಎದುರು ಗಾಳಿ ಮಾತ್ರ ಅದೇ ವೇಗದಲ್ಲಿ ಬರುತ್ತಿರುತ್ತದೆ. ಒಂದು ಜಾಗದಲ್ಲಿ ಇಬ್ಬರ ನೂಕು ಸಮವಾಗುತ್ತದೆ. ಅಲ್ಲಿ ಧಾರೆಗೆ ಮುಂದೆ ದಾರಿ ಇಲ್ಲ, ಕೆಳಗೆ ನೆಲ ಇದೆ. ಉಳಿದದ್ದು ಪಕ್ಕ ಮತ್ತು ಮೇಲೆ. ಮೇಲೆದ್ದ ಕೂಡಲೇ ಎದುರು ಗಾಳಿ ಅದನ್ನು ಹಿಡಿದು ಹಿಂದಕ್ಕೆ ಹೊರಳಿಸುತ್ತದೆ. ಹೀಗೆ ನೆಲದ ಮೇಲೆ ಒಂದು ಗಾಳಿಯ ಸುರುಳಿ ಹುಟ್ಟುತ್ತದೆ. ನೆಲದ ಹತ್ತಿರ ಉಜ್ಜುವಿಕೆಯಿಂದ ಎದುರು ಗಾಳಿಯೂ ಸ್ವಲ್ಪ ಸೋತಿರುತ್ತದೆ. ಅದಕ್ಕೇ ಕಾಲಿನ ಮಟ್ಟದಲ್ಲಿ ಎಲ್ಲ ಸರಿಯಾಗಿ ಮುಂದೆ ಹೋಗುತ್ತಿದೆ ಎಂದು ಕಾಣುತ್ತದೆ. ಮೋಸ ಇರುವುದು ಮೇಲಿನ ಮಟ್ಟದಲ್ಲಿ.

ಎಷ್ಟು ದೂರ ಹೋಗಿ ತಿರುಗುತ್ತದೆ? ಅದನ್ನು ಮುಖ್ಯವಾಗಿ ನಿರ್ಧರಿಸುವುದು ಎರಡು ಸಂಗತಿ: ಬಾಯಿಯ ಅಗಲ, ಮತ್ತು ಧಾರೆಯ ವೇಗ ಎದುರು ಗಾಳಿಯ ವೇಗದ ಎಷ್ಟು ಪಟ್ಟು ಎಂಬುದು. ಬಯಲಲ್ಲಿ ನೇರ ಎದುರಿಗೆ ಬಿಟ್ಟ ದುಂಡು ಧಾರೆ ಬಾಯಗಲದ ಸುಮಾರು ಎರಡೂವರೆ ಪಟ್ಟನ್ನು ಈ ಪಟ್ಟಿನಿಂದ ಗುಣಿಸಿದಷ್ಟು ದೂರ ಹೋಗುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಬಾಯಿ 20 ಸೆಂಟಿಮೀಟರ್, ಧಾರೆಯ ವೇಗ ಸೆಕೆಂಡಿಗೆ 12 ಮೀಟರ್, ಎದುರು ಗಾಳಿ 3 ಮೀಟರ್ ಎಂದು ಹಿಡಿಯಿರಿ. 12ನ್ನು 3ರಿಂದ ಭಾಗಿಸಿದರೆ 4 ಪಟ್ಟು. ಲೆಕ್ಕ ಹಾಕಿದರೆ ಸುಮಾರು 2 ಮೀಟರ್ ಬಂತು. ಗಾಳಿ ಅರ್ಧಕ್ಕೆ ಇಳಿದರೆ ದೂರ 4 ಮೀಟರ್. ನೆಲ ಹಿಡಿದ ಧಾರೆ ಇದಕ್ಕಿಂತಲೂ ಮುಂದೆ ಹೋಗುತ್ತದೆ, ಆದರೆ ಅದೂ ಕೊನೆಗೆ ಹೊರಳಲೇಬೇಕು.

ಸಂಗಮದ ದಂಡೆಯಲ್ಲಿ

ಕಲಬುರಗಿಯಿಂದ ಅಫಜಲಪುರದ ದಾರಿಯಲ್ಲಿ ಚೌಡಾಪುರ ಸಿಗುತ್ತದೆ. ಅಲ್ಲಿಂದ ಒಳಗೆ ಹೊರಳಿದರೆ ದೇವಲ ಗಾಣಗಾಪುರ. ಶ್ರೀ ನೃಸಿಂಹ ಸರಸ್ವತಿಯವರು ನೆಲೆಸಿದ್ದ ದತ್ತ ಕ್ಷೇತ್ರ. ನಿರ್ಗುಣ ಪಾದುಕೆಗಳ ದರ್ಶನಕ್ಕೆ ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆಯ ಜನ ಬರುತ್ತಾರೆ. ಮಧ್ಯಾಹ್ನ ಮಧುಕರಿ ಬೇಡುವ ಪದ್ಧತಿ ಇಲ್ಲಿ ಇಂದಿಗೂ ಇದೆ. ದೊಡ್ಡ ಮನೆತನದವರೂ ಜೋಳಿಗೆ ಹಿಡಿದು ನಿಲ್ಲುತ್ತಾರೆ. ಊರಿನಿಂದ ಸ್ವಲ್ಪ ದೂರದಲ್ಲಿ ಭೀಮಾ ಮತ್ತು ಅಮರ್ಜಾ ಹೊಳೆಗಳ ಸಂಗಮ. ಆಳಂದ ತಾಲ್ಲೂಕಿನ ನೀರನ್ನು ಹೊತ್ತು ತರುವ ಅಮರ್ಜಾ ಇಲ್ಲಿ ಭೀಮೆಯನ್ನು ಸೇರುತ್ತದೆ.

ಹೊಳೆಯ ಮೇಲಿಂದ ಗಾಳಿ ಬೀಸುತ್ತಿತ್ತು. ದಂಡೆಯಲ್ಲಿ ಮೂರು ಕಲ್ಲು ಹೂಡಿ ಒಬ್ಬ ಅಜ್ಜಿ ಅಡುಗೆಗೆ ಕುಳಿತಿದ್ದರು. ಪಕ್ಕದಲ್ಲಿ ಅವರ ಸೊಸೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅಜ್ಜಿಯ ಬೆನ್ನು ಗಾಳಿಯ ಕಡೆ, ಒಲೆಯ ಬಾಯಿ ಅಜ್ಜಿಯ ಕಡೆ. ಮೊಮ್ಮಗಳು ಆಚೆ ಬದಿಯಲ್ಲಿ ಕುಳಿತು ತಾನೂ ಊದುತ್ತೇನೆಂದಾಗ ಅವರು ನಕ್ಕರು.

"ಗಾಳಿಗಿ ಬೆನ್ನು ಕೊಟ್ಟು ಕುಂದ್ರಬೇಕವ್ವ. ಎದುರು ಕುಂತು ಊದಿದ್ರ ಹೊಗಿ, ಬೂದಿ ಎಲ್ಲಾ ನಮ್ಮ ಮಾರಿಗೇ ಬರ್ತದ. ಬಾ, ಈ ಕಡಿ ಬಾ."

ಅವರು ಊದುಗೊಳವೆ ಹಿಡಿದ ರೀತಿಯನ್ನು ಗಮನಿಸಬೇಕು. ಕೊಳವೆಯ ತುದಿಯನ್ನು ಕೆಂಡದೊಳಗೆ ತುರುಕಲಿಲ್ಲ. ಸ್ವಲ್ಪ ದೂರದಲ್ಲಿಟ್ಟು, ನೆಲಕ್ಕೆ ಸಮನಾಗಿ ಊದಿದರು. ಬಾಯಿಂದ ಬಂದ ಉಸಿರು ಸ್ವಲ್ಪವೇ. ಆದರೆ ಕೊಳವೆ ಮತ್ತು ಕೆಂಡದ ನಡುವಿನ ಆ ಜಾಗದಲ್ಲಿ ಧಾರೆ ಸುತ್ತಲಿನ ತಾಜಾ ಗಾಳಿಯನ್ನು ಎಳೆದುಕೊಂಡು, ತನ್ನ ಜೊತೆಗೆ ಒಲೆಯೊಳಗೆ ಕರೆದೊಯ್ಯುತ್ತದೆ. ಜ್ವಾಲೆಗೆ ಸಿಗುವ ಗಾಳಿ ನಮ್ಮ ಉಸಿರಿಗಿಂತ ಹೆಚ್ಚು. ಜಾತ್ರೆಯ ಗುಂಪಿನಲ್ಲಿ ಓಡಿದವನ ಲೆಕ್ಕ ಇಲ್ಲಿ ನಮಗೆ ಲಾಭವಾಗಿ ಬಂತು. ಕಮ್ಮಾರನ ಕುಲುಮೆಯಲ್ಲಿ ತಿದಿ ಒತ್ತಿದಾಗ ಕೆಂಡ ಬೆಳ್ಳಗಾಗುವುದಕ್ಕೂ ಗಾಳಿಧಾರೆಯೇ ಕಾರಣ.

ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯಲ್ಲೇ ಘತ್ತರಗಿಯ ಭಾಗ್ಯವಂತಿ ದೇವಿಯ ಗುಡಿಯೂ ಇದೆ, ಸೊನ್ನದ ಬ್ಯಾರೇಜೂ ಇದೆ. ಬ್ಯಾರೇಜಿನಿಂದ ನೀರು ಬಿಟ್ಟಾಗ ಹೊಳೆಯಲ್ಲೂ ಇಂಥ ಸುರುಳಿಗಳು ಕಾಣುತ್ತವೆ. ರಭಸದ ನೀರು ನಿಧಾನದ ನೀರನ್ನು ತಾಗಿದಲ್ಲಿ ಹೊರಳು ಹುಟ್ಟುತ್ತದೆ. ಗಾಳಿ ಕಣ್ಣಿಗೆ ಕಾಣುವುದಿಲ್ಲ, ನೀರು ಕಾಣುತ್ತದೆ ಅಷ್ಟೆ. ನೋಡುವುದಿದ್ದರೆ ಹಿರಿಯರ ಜೊತೆ ದೂರದಲ್ಲಿ ನಿಂತು ನೋಡಬೇಕು; ಅಂಥ ನೀರಿಗೆ ಇಳಿಯಬಾರದು.

ಜೇವರ್ಗಿಯ ಹೊಲದಲ್ಲಿ

ಕಲಬುರಗಿಯಿಂದ ಜೇವರ್ಗಿಗೆ ಹೋಗುವಾಗ ಕಟ್ಟಿಸಂಗಾವಿಯ ಹತ್ತಿರ ಭೀಮಾ ಸೇತುವೆ ದಾಟಬೇಕು. ಆಳಂದ, ಅಫಜಲಪುರದ ಬುಡದಲ್ಲಿ ಹೆಚ್ಚಾಗಿ ಇರುವುದು ಕಪ್ಪು ಬಸಾಲ್ಟ್ ಕಲ್ಲು. ಜೇವರ್ಗಿಯ ಕಡೆ ಸುಣ್ಣಕಲ್ಲಿನ ಪದರವೂ ಸಿಗುತ್ತದೆ. ಅದರ ಅಣ್ಣತಮ್ಮಂದಿರೇ ನಮ್ಮ ಮನೆಗಳಿಗೆ ಹಾಸುವ ಶಹಾಬಾದಿನ ಫರಸಿ. ಮೇಲೆ ಮಾತ್ರ ಎಲ್ಲ ಕಡೆಯೂ ತೊಗರಿ, ಹತ್ತಿ, ಜೋಳ, ಕಡಲೆ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ.

ಇಲ್ಲಿ ನೋಡಿದ ದೃಶ್ಯ ಮನಸ್ಸಿಗೆ ನೆಮ್ಮದಿ ಕೊಡುವಂಥದ್ದಲ್ಲ. ಕಾಯಿಕೊರಕ ಹುಳಕ್ಕೆಂದು ಒಬ್ಬ ಹುಡುಗ ಬೆನ್ನಿಗೆ ಪಂಪು ಕಟ್ಟಿಕೊಂಡು ಕಡಲೆ ಹೊಲದಲ್ಲಿ ಎಣ್ಣೆ ಹೊಡೆಯುತ್ತಿದ್ದ. ನಮ್ಮ ಕಡೆ ಕೀಟನಾಶಕ ಸಿಂಪಡಿಸುವುದಕ್ಕೆ ಎಣ್ಣೆ ಹೊಡೆಯುವುದು ಎನ್ನುತ್ತಾರೆ. ಸಾಲು ಮುಗಿದು ಹೊರಳಿದಾಗ ಅವನ ಮುಖ ಗಾಳಿಗೆ ಎದುರಾಯಿತು. ನಳಿಕೆಯಿಂದ ಹೊರಟ ಮಂಜು ಬೆಳೆಯ ಮೇಲೆ ಸ್ವಲ್ಪ ದೂರ ಹೋಯಿತು, ಮೇಲೆದ್ದಿತು, ಹೊರಳಿ ಅವನ ಎದೆ, ಮುಖಕ್ಕೆ ಬಂತು. ಆಳಂದದ ಕಣದಲ್ಲಿ ಹೊಟ್ಟು ಮಾಡಿದ್ದನ್ನೇ ಇಲ್ಲಿ ವಿಷ ಮಾಡುತ್ತಿತ್ತು. ಹೊಟ್ಟು ಬಿದ್ದರೆ ಕೊಡವಿಕೊಳ್ಳಬಹುದು. ಇದನ್ನು ಕೊಡವಲು ಬರುವುದಿಲ್ಲ.

ಇದು ಹಗುರ ಮಾತಲ್ಲ. 2017ರಲ್ಲಿ ನೆರೆಯ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿ ಬೆಳೆಗೆ ಕೀಟನಾಶಕ ಹೊಡೆಯುವಾಗ ವಿಷ ತಗುಲಿ ಸುಮಾರು 20 ಜನ ರೈತರು, ಕೂಲಿಕಾರರು ಪ್ರಾಣ ಕಳೆದುಕೊಂಡರು. ನೂರಾರು ಜನ ಆಸ್ಪತ್ರೆ ಸೇರಿದರು. ಎತ್ತರಕ್ಕೆ ಬೆಳೆದ ಹತ್ತಿ, ಮುಖಕ್ಕೆ ಬರುವ ಮಂಜು, ಮುಚ್ಚಿಕೊಳ್ಳಲು ಏನೂ ಇಲ್ಲದ ಮೂಗು ಬಾಯಿ, ಎಲ್ಲ ಸೇರಿ ಆದ ಅನಾಹುತ ಅದು.

ಹಾಗಾದರೆ ಮಾಡಬೇಕಾದ್ದೇನು? ಗಾಳಿಗೆ ಎದುರಾಗಿ ಹೊಡೆಯಬಾರದು. ಗಾಳಿ ಒಂದು ಪಕ್ಕದಿಂದ ಮೈಗೆ ತಾಗುವಂತೆ, ಗಾಳಿಗೆ ಅಡ್ಡಲಾಗಿ ಸಾಲು ಹಿಡಿದು ನಡೆಯಬೇಕು. ನಳಿಕೆಯನ್ನು ಗಾಳಿ ಹೋಗುವ ಬದಿಗೆ ಹಿಡಿಯಬೇಕು. ಗಾಳಿ ಹೋಗುವ ಕಡೆಯ ಅಂಚಿನಿಂದ ಶುರುಮಾಡಿ, ಗಾಳಿ ಬರುವ ಕಡೆಗೆ ಒಂದೊಂದೇ ಸಾಲು ಸರಿಯುತ್ತಾ ಬಂದರೆ ಈಗಾಗಲೇ ಹೊಡೆದ ಸಾಲಿನೊಳಗೆ ಮತ್ತೆ ಕಾಲಿಡುವ ಪ್ರಸಂಗ ಬರುವುದಿಲ್ಲ. ಜೋರು ಗಾಳಿ ಇದ್ದ ದಿನ ಕೆಲಸ ನಿಲ್ಲಿಸಬೇಕು. ಮುಖಗವಸು, ಕೈಗವಸು, ಪೂರ್ತಿ ತೋಳಿನ ಅಂಗಿ ಬೇಕೇ ಬೇಕು. ಕೆಲಸ ಮುಗಿದ ಮೇಲೆ ಸಾಬೂನು ಹಚ್ಚಿ ಸ್ನಾನ ಮಾಡಿಯೇ ಊಟ. ಮಕ್ಕಳು ಆ ಹೊಲದ ಹತ್ತಿರವೂ ಸುಳಿಯಬಾರದು.

ಪಕ್ಕದ ಹೊಲದ ಹಿರಿಯರೊಬ್ಬರು ಕೂಗಿ ಹೇಳಿದ ಮೇಲೆ ಆ ಹುಡುಗ ನಿಂತ. ತಲೆಗೆ ಕಟ್ಟಿದ್ದ ಟವೆಲ್ಲಿನ ತುದಿ ಯಾವ ಕಡೆ ಹಾರುತ್ತಿದೆ ಎಂದು ನೋಡಿದ. ಆಮೇಲೆ ಹೊಲದ ಇನ್ನೊಂದು ಅಂಚಿಗೆ ಹೋಗಿ, ಅಡ್ಡ ಸಾಲು ಹಿಡಿದು ಹೊಸದಾಗಿ ಶುರುಮಾಡಿದ. ಒಂದು ಪೈಸೆ ಖರ್ಚಾಗಲಿಲ್ಲ.

ವಿಮಾನಕ್ಕೂ ಇದೇ ಪಾಠ

ಮೂರೂ ತಾಲ್ಲೂಕಿನ ಜನರಿಗೆ ಹತ್ತಿರದಲ್ಲೇ ಒಂದು ವಿಮಾನ ನಿಲ್ದಾಣ ಇದೆ. ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ಉದ್ಘಾಟನೆಯಾಯಿತು. ಅದರ ರನ್‌ವೇ 3 ಕಿಲೋಮೀಟರಿಗಿಂತ ಉದ್ದ ಇದೆ.

ದೊಡ್ಡ ಜೆಟ್ ವಿಮಾನಗಳು ನೆಲಕ್ಕಿಳಿದ ಕೂಡಲೇ ಗುಡುಗಿನಂಥ ಸದ್ದು ಮಾಡುವುದನ್ನು ಕೇಳಿದ್ದೀರಾ? ಆಗ ಇಂಜಿನ್ನು ಹಿಂದಕ್ಕೆ ಬಿಡಬೇಕಾದ ಗಾಳಿಯನ್ನು ಬಾಗಿಸಿ ಮುಂದಕ್ಕೆ ಓರೆಯಾಗಿ ಊದುತ್ತದೆ. ಈ ಏರ್ಪಾಡಿಗೆ ಥ್ರಸ್ಟ್ ರಿವರ್ಸರ್ ಎನ್ನುತ್ತಾರೆ. ವಿಮಾನ ಮುಂದೆ ಓಡುತ್ತಿರುವುದರಿಂದ ಗಾಳಿ ಎದುರಿನಿಂದ ಬರುತ್ತದೆ; ಕೆಳಗೆ ರನ್‌ವೇ ಇದೆ. ನೆಲ, ಗಾಳಿಧಾರೆ, ಎದುರು ಗಾಳಿ, ನಮ್ಮ ಕಣದ ಮೂವರೂ ಇಲ್ಲಿಯೂ ಹಾಜರು.

ವಿಮಾನ ಜೋರಾಗಿ ಓಡುವಾಗ ಎದುರು ಗಾಳಿ ಬಲವಾಗಿರುತ್ತದೆ, ಧಾರೆಯನ್ನು ಹಿಂದಕ್ಕೆ ತಳ್ಳುತ್ತದೆ. ವಿಮಾನ ನಿಧಾನವಾದಂತೆ ಎದುರು ಗಾಳಿ ಕಡಿಮೆಯಾಗುತ್ತದೆ, ಧಾರೆ ಇನ್ನೂ ಮುಂದೆ ಮುಂದೆ ಹೋಗುತ್ತದೆ. ಕೊನೆಗೆ ಇಂಜಿನ್ನಿನ ಬಾಯಿಯ ಮುಂದೆಯೇ ದೂಳು, ಸಣ್ಣ ಕಲ್ಲು ಎಬ್ಬಿಸಿ ಹೊರಳಬಹುದು. ಇಂಜಿನ್ನು ಅದನ್ನು ನುಂಗಿದರೆ ಒಳಗಿನ ಅಲಗುಗಳಿಗೆ ಏಟು. ಆದ್ದರಿಂದ ವೇಗ ಒಂದು ಮಟ್ಟಕ್ಕಿಂತ ಇಳಿದಾಗ ಪೈಲಟ್ ಈ ಹಿಮ್ಮುಖ ಊದನ್ನು ತಗ್ಗಿಸಿಬಿಡುತ್ತಾರೆ. ಆಳಂದದ ಕಣದಲ್ಲಿ ಟ್ರ್ಯಾಕ್ಟರ್ ತಿರುಗಿಸಿದ ಹಿರಿಯರಿಗೂ ಆ ಪೈಲಟ್‌ಗೂ ಕಾಡುವುದು ಒಂದೇ ಚಿಂತೆ: ನಾವು ಬಿಟ್ಟದ್ದು ಹೊರಳಿ ನಮ್ಮ ಬಾಯಿಗೇ ಬರಬಾರದು.

ಮನೆಯಲ್ಲಿ ಮಾಡಿ ನೋಡಿ

ಅಜ್ಜ ಅಜ್ಜಿ ಯಾರಾದರೂ ಪಕ್ಕದಲ್ಲಿರಲಿ. ಮೇಜಿನ ಒಂದು ತುದಿಯಲ್ಲಿ ಟೇಬಲ್ ಫ್ಯಾನ್ ಇಟ್ಟು ಅತಿ ಕಡಿಮೆ ವೇಗದಲ್ಲಿ ತಿರುಗಿಸಿ. ನಡುವೆ ಉರಿಯುವ ಊದಿನಕಡ್ಡಿಯನ್ನು ಮೇಜಿಗೆ ಹತ್ತಿರವಾಗಿ ಅಜ್ಜ ಹಿಡಿದುಕೊಳ್ಳಲಿ. ಹೊಗೆ ನಿಮ್ಮ ಕಡೆಗೆ ಬರುತ್ತದೆ. ಈಗ ಇನ್ನೊಂದು ತುದಿಯಿಂದ ಜ್ಯೂಸ್ ಕುಡಿಯುವ ಸ್ಟ್ರಾ ಹಿಡಿದು, ಮೇಜಿಗೆ ತಾಗುವಷ್ಟು ಕೆಳಗೆ, ಫ್ಯಾನಿನ ಕಡೆಗೆ ಊದಿ. ಹೊಗೆ ಮೇಜನ್ನು ಹಿಡಿದು ಮುಂದೆ ಹೋಗಿ, ಎದ್ದು, ಹೊರಳಿ ಬರುವುದು ಕಾಣುತ್ತದೆ. ಫ್ಯಾನಿನ ವೇಗ ಹೆಚ್ಚಿಸಿದರೆ ಹೊರಳುವ ಜಾಗ ನಿಮಗೆ ಹತ್ತಿರವಾಗುತ್ತದೆ. ಹಿಟ್ಟು, ಖಾರದ ಪುಡಿ ಬಳಸಬೇಡಿ, ಕಣ್ಣಿಗೆ ಬೀಳುತ್ತದೆ.

ಇನ್ನೊಂದು ಆಟ. ದುಂಡನೆಯ ಬಾಟಲಿಯ ಹಿಂದೆ ಮೇಣದ ಬತ್ತಿ ಹಚ್ಚಿಟ್ಟು ಬಾಟಲಿಯ ಮುಂದಿನಿಂದ ಊದಿ. ಬತ್ತಿ ಆರುತ್ತದೆ! ಗಾಳಿ ಬಾಟಲಿಯ ಮೈ ಹಿಡಿದು ಸುತ್ತಿ ಹಿಂದೆ ಸೇರುತ್ತದೆ. ಅಷ್ಟೇ ಅಗಲದ ಚೌಕ ಡಬ್ಬಿ ಇಟ್ಟು ಊದಿದರೆ ಅಷ್ಟು ಸುಲಭವಾಗಿ ಆರುವುದಿಲ್ಲ. ಮೂಲೆಯಲ್ಲಿ ಗಾಳಿಯ ಹಿಡಿತ ತಪ್ಪುತ್ತದೆ.

ಅಜ್ಜ ಅಜ್ಜಿಯರಿಗೂ ಒಂದು ಮಾತು. ಯಾವ ತಿಂಗಳಲ್ಲಿ ಯಾವ ಕಡೆಯ ಗಾಳಿ, ಕಣ ಎಲ್ಲಿ ಮಾಡಬೇಕು, ಒಲೆಯ ಬಾಯಿ ಎತ್ತ ಇರಬೇಕು ಎಂಬುದು ನಿಮಗೆ ಗೊತ್ತು. ಮಷೀನು ಬಂತೆಂದು ಅದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಬೇಡಿ, ಮೊಮ್ಮಕ್ಕಳಿಗೆ ಹೇಳಿ. ಮಕ್ಕಳೇ, ನೀವು ಮುಂದಿನ ಸಲ ಹೊಲಕ್ಕೆ ಹೋದಾಗ ಒಂದು ಹಿಡಿ ಹೊಟ್ಟನ್ನು ತಲೆಯ ಎತ್ತರದಿಂದ ಬಿಟ್ಟು ನೋಡಿ. ಅದು ಹಾರಿದ ದಿಕ್ಕನ್ನು ಮಷೀನು ನಡೆಸುವ ಅಣ್ಣನಿಗೆ, ಎಣ್ಣೆ ಹೊಡೆಯಲು ಹೊರಟ ಕಾಕಾನಿಗೆ ಮೊದಲೇ ಹೇಳಿಬಿಡಿ.